ರೆಕ್ಕೆಯ ಅಂಚು

ಆ ಸ್ಲೈಡಿನ ಸಂಖ್ಯೆ ಇನ್ನೂರ ಹನ್ನೆರಡು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹನ್ನೊಂದೂವರೆಗೆ ಓದಿ ಮುಗಿಸಿ, ‘ಪೂರ್ವ’ ಎಂದು ಬರೆದು ಸಹಿ ಹಾಕಿದೆ. ಆಮೇಲೆ ಕ್ಯಾಂಟೀನಿಗೆ ಹೋಗಿ ಮಂಡಕ್ಕಿ ಒಗ್ಗರಣೆ ತಿಂದೆ. ಚೆನ್ನಾಗಿತ್ತು, ಇನ್ನೊಂದು ಪ್ಲೇಟು ಕೇಳಿದೆ. ಮಧ್ಯಾಹ್ನ ನಾಲ್ಕಕ್ಕೆ ಲಕೋಟೆ ಒಡೆದಾಗ ಗೊತ್ತಾಯಿತು, ಅದು ಮೂರನೇ ಶೆಡ್ಡಿನ ಸ್ಲೈಡು. ಮೂರನೇ ಶೆಡ್ಡಿನ ಪೂರ್ವದ ಗೋಡೆಯಲ್ಲಿ ಇರುವುದು ಒಂದೇ ವಾಲ್ವು. ಆ ವಾಲ್ವಿನ ಕೆಲಸಗಾರ ಅಡಿವೆಪ್ಪ. ನನ್ನ ಗಂಡ.

ಇದು ಹೇಗೆ ಸಾಧ್ಯವಾಯಿತೆಂದು ಹೇಳಬೇಕಾದರೆ ನೊಣಗಳಿಂದ ಶುರು ಮಾಡಬೇಕು.

ನಮ್ಮ ಹೊಳೆದಂಡೆ ಕೈಗಾರಿಕಾ ವಲಯದಲ್ಲಿ ಪ್ರತಿ ಶೆಡ್ಡಿನ ನಡುಗಂಬಕ್ಕೂ ಒಂದು ಸಾಕ್ಷಿ ಡಬ್ಬಿ ಇದೆ. ಊಟದ ಡಬ್ಬಿಯಷ್ಟು ದೊಡ್ಡದು, ನಾಲ್ಕೂ ಕಡೆ ಜಾಲರಿ. ಒಳಗೆ ಗಾಜಿನ ಪಟ್ಟಿಗೆ ಅಂಟಿಸಿದ ನಲವತ್ತು ಪ್ಯೂಪಾಗಳು, ಅಂದರೆ ಹುಳು ನೊಣವಾಗುವ ಮುಂಚೆ ಚಿಪ್ಪಿನೊಳಗೆ ಮಲಗಿರುವ ಸ್ಥಿತಿ. ಎಲ್ಲದರ ತಲೆಯೂ ಉತ್ತರಕ್ಕೆ. ಬಾಳೆಹಣ್ಣಿನ ಸುತ್ತ ಹಾರಾಡುವ ಅದೇ ಸಣ್ಣ ಹಣ್ಣುನೊಣ. ಆದರೆ ಇವು ನಮ್ಮ ಪರೀಕ್ಷಾ ಕೇಂದ್ರದಲ್ಲಿ ತಿದ್ದಿ ಬೆಳೆಸಿದ ತಳಿ.

ಹದಿನಾಲ್ಕು ವರ್ಷಗಳ ಹಿಂದೆ ಈ ವಲಯದಲ್ಲಿ ವಿಷಾನಿಲ ಸೋರಿ ಮೂವತ್ತೊಂದು ಜನ ಸತ್ತರು. ಆ ದಿನ ಕಂಪನಿಯ ಮೀಟರುಗಳೆಲ್ಲ ಸೊನ್ನೆ ತೋರಿಸುತ್ತಿದ್ದವು. ದಾಖಲೆಯ ಪ್ರಕಾರ ಗಾಳಿ ಶುದ್ಧವಾಗಿತ್ತು, ಜನ ಸುಮ್ಮನೆ ಸತ್ತಿದ್ದರು. ಕಂಪನಿಯ ಕೈ ಮುಟ್ಟಲಾಗದ ಮೀಟರು ಬೇಕು ಎಂದು ಊರು ಕೂಗಿತು. ಅದನ್ನು ಕೊಟ್ಟವರು ಡಾ. ಇಂದುಮತಿ ಹೆಬ್ಬಾರ್. ನನ್ನ ಗುರು.

ನೊಣದ ಒಂದು ರೆಕ್ಕೆಯಲ್ಲಿ ಸುಮಾರು ಮೂವತ್ತು ಸಾವಿರ ಜೀವಕೋಶಗಳಿರುತ್ತವೆ. ಪ್ರತಿ ಕೋಶಕ್ಕೂ ಒಂದೇ ಒಂದು ರೋಮ. ಸಾಮಾನ್ಯ ನೊಣದಲ್ಲಿ ಎಲ್ಲ ರೋಮಗಳೂ ರೆಕ್ಕೆಯ ತುದಿಯತ್ತ ಬಾಗಿರುತ್ತವೆ, ಬಾಚಿದ ತಲೆಯ ಹಾಗೆ. ಯಾವ ಕೋಶಕ್ಕೂ ತುದಿ ಎಲ್ಲಿದೆಯೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪಕ್ಕದ ಕೋಶ ಮಾತ್ರ. ಪ್ರತಿ ಕೋಶವೂ ಮುಂದಿನ ಅಂಚಿನಲ್ಲಿ ಒಂದು ಪ್ರೋಟೀನನ್ನು ಚಾಚುತ್ತದೆ, ಹಿಂದಿನ ಅಂಚಿನಲ್ಲಿ ಇನ್ನೊಂದನ್ನು. ಒಂದರ ಮುಂಗೈ ಮತ್ತೊಂದರ ಹಿಂಗೈಯನ್ನು ಹಿಡಿಯುತ್ತದೆ. ಹೀಗೆ ಹಿಡಿದುಕೊಂಡು ಹಿಡಿದುಕೊಂಡು ಇಡೀ ರೆಕ್ಕೆ ಒಂದು ದಿಕ್ಕಿಗೆ ತಿರುಗುತ್ತದೆ. ಮೇಡಂ ಮಾಡಿದ್ದು ಇಷ್ಟೇ: ಮೊದಲ ಸುಳಿವು ನೊಣದ ದೇಹದಿಂದ ಬರುವ ಬದಲು ಹೊರಗಿನ ಅನಿಲದಿಂದ ಬರುವಂತೆ ತಳಿಯನ್ನು ತಿದ್ದಿದರು. ಅನಿಲ ಯಾವ ಕಡೆಯಿಂದ ಬಂತೋ ರೋಮಗಳು ಆ ಕಡೆಗೆ ಬಾಗುತ್ತವೆ. ಪ್ಯೂಪಾದ ಮೂವತ್ತನೇ ಗಂಟೆಯಿಂದ ಮೂವತ್ತಾರನೇ ಗಂಟೆಯೊಳಗೆ ರೋಮ ಬಲಿಯುತ್ತದೆ, ಬಲಿತ ಮೇಲೆ ತಿರುಗುವುದಿಲ್ಲ. ಬೇರೆ ಬೇರೆ ವಯಸ್ಸಿನ ನಲವತ್ತು ಪ್ಯೂಪಾ ಇಡುವುದು ಅದಕ್ಕೇ. ಯಾವ ಗಂಟೆಯಲ್ಲಿ ಸೋರಿದರೂ ಎಂಟೊಂಬತ್ತು ಎಚ್ಚರವಾಗಿರುತ್ತವೆ.

ಕಾರ್ಮಿಕ ನ್ಯಾಯಮಂಡಳಿ ರೆಕ್ಕೆಯನ್ನು ಸಾಕ್ಷಿಯೆಂದು ಒಪ್ಪಿತು. ‘ನೊಣಕ್ಕೆ ಲಂಚ ಕೊಡಲಾಗದು’ ಎಂದು ವಲಯದ ಗೋಡೆಗಳ ಮೇಲೆ ಬರೆದರು. ಕೆಲಸಗಾರರು ಶುಕ್ರವಾರ ಡಬ್ಬಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗತೊಡಗಿದರು. ಹೊಗೆಗೆ ಪ್ಯೂಪಾಗಳು ಸತ್ತು, ದಯವಿಟ್ಟು ಊದಿನಕಡ್ಡಿ ಹಚ್ಚಬೇಡಿ ಎಂದು ನಾವು ಬೋರ್ಡು ಹಾಕಬೇಕಾಯಿತು. ಬೋರ್ಡಿಗೂ ಕುಂಕುಮ ಹಚ್ಚಿದರು.

ನಾನು ಓದುಗಿ, ಡಬ್ಬಿಯ ನೊಣಗಳ ರೆಕ್ಕೆಯನ್ನು ಸ್ಲೈಡಿನಲ್ಲಿ ನೋಡಿ ರೋಮ ಎತ್ತ ಬಾಗಿದೆಯೆಂದು ಬರೆಯುವವಳು. ನಾಲ್ಕು ಜನ ಓದುವವರಲ್ಲಿ ಒಬ್ಬಳು. ಸ್ಲೈಡು ಯಾವ ಶೆಡ್ಡಿನದೆಂದು ಓದುವವರಿಗೆ ತಿಳಿಸುವುದಿಲ್ಲ, ಸಂಖ್ಯೆ ಮಾತ್ರ. ಅಲ್ಲದೆ ನಮ್ಮ ಬಂಧುಗಳು ಎಲ್ಲೆಲ್ಲಿ ಕೆಲಸ ಮಾಡುತ್ತಾರೆಂದು ಪ್ರತಿಯೊಬ್ಬರೂ ಪಟ್ಟಿ ಕೊಟ್ಟಿರುತ್ತೇವೆ. ಆ ಶೆಡ್ಡಿನದು ಬೇರೆಯವರ ಪಾಲಿಗೆ ಹೋಗಬೇಕು; ಹಾಗಾಗಿ ಮೂರನೆಯದರಲ್ಲಿ ಸೋರಿದ್ದು ಗೊತ್ತಿದ್ದರೂ ಅದರ ಸ್ಲೈಡು ನನ್ನ ಕೈಗೆ ಬಂದೀತೆಂದು ಎಣಿಸಿರಲಿಲ್ಲ. ಹಂಚುವವರು ಮೇಡಂ ಒಬ್ಬರೇ.

*

ಮೂರನೇ ಶೆಡ್ಡಿನ ಆ ಸೋರಿಕೆಯಲ್ಲಿ ಇಬ್ಬರು ಸತ್ತಿದ್ದರು, ಮೌಲಾಸಾಬ ಮತ್ತು ಹನಮಪ್ಪ. ಅಡಿವೆಪ್ಪನನ್ನು ನನ್ನ ಸಹಿಯ ಆಧಾರದ ಮೇಲೆ ಹಿಡಿದುಕೊಂಡು ಹೋದರು. ಐದು ದಿನಕ್ಕೆ ಜಾಮೀನು ಸಿಕ್ಕಿತು. ಅಂತಿಮ ವಿಚಾರಣೆ ತಿಂಗಳ ಕೊನೆಗೆ. ವಾಲ್ವು ತೆರೆದಿಟ್ಟು ಹೋದದ್ದು ಸಾಬೀತಾದರೆ ಏಳು ವರ್ಷ.

ಅವನು ಮನೆಗೆ ಬಂದ ದಿನ ನಾನು ಬಾಗಿಲಲ್ಲೇ ಕೇಳಿದೆ.

“ಖರೇ ಹೇಳ್ರಿ. ಬಂದ್ ಮಾಡಿದ್ರೋ ಇಲ್ಲೋ?”

“ಮಾಡಿದ್ದೆ.”

“ಮರತಿರಬೇಕು. ಆ ದಿನಾ ಜ್ವರಾ ಬ್ಯಾರೆ ಇತ್ತು ನಿಮಗ.”

“ನೀಲಾ, ಮಾಡಿದ್ದೆ ಅಂತ ಹೇಳಿದ್ನಲ್ಲ.”

“ನೊಣಾ ಸುಳ್ಳ ಹೇಳೂದಿಲ್ರಿ.”

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಬಚ್ಚಲಲ್ಲಿ ಬಹಳ ಹೊತ್ತು ನೀರು ಸುರಿದುಕೊಂಡ. ಅಂದಿನಿಂದ ನಮ್ಮಿಬ್ಬರ ನಡುವೆ ಉಳಿದದ್ದು ಉಪ್ಪು ಸಾಕಾ, ಗ್ಯಾಸು ಮುಗೀತಾ ಎಂಬ ಮಾತುಗಳು. ಕೆಲಸಕ್ಕೆ ಹೋಗುವಂತಿರಲಿಲ್ಲ. ಓಣಿಯವರ ಕೆಟ್ಟ ಮಿಕ್ಸರು, ಇಸ್ತ್ರಿಪೆಟ್ಟಿಗೆ ತಂದು ಅಂಗಳದಲ್ಲಿ ಬಿಚ್ಚಿಕೊಂಡು ಕೂರುತ್ತಿದ್ದ. ಸ್ಕ್ರೂಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸುತ್ತಿದ್ದ. ಇಂಥ ಮನುಷ್ಯ ವಾಲ್ವು ತೆರೆದಿಟ್ಟು ಹೋಗಿರುತ್ತಾನೆಯೇ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಆದರೆ ಒಂಬತ್ತು ನೊಣಗಳ ಹದಿನೆಂಟು ರೆಕ್ಕೆಗಳನ್ನು ನಾನೇ ಕಣ್ಣಾರೆ ನೋಡಿದ್ದೆ.

ಮೇಡಂ ಮನೆಗೆ ಬಂದರು. ಒಂದು ಚೀಲ ಮೋಸಂಬಿ ತಂದಿದ್ದರು. ಅಡುಗೆಮನೆಯ ಮಣೆಯ ಮೇಲೆ ಕೂತು ನನ್ನ ಕೈ ಹಿಡಿದರು.

“ನಂದೇ ತಪ್ಪು ನೀಲಗಂಗಾ. ಬಂಧುಗಳ ಪಟ್ಟಿ ನೋಡದೆ ಕೊಟ್ಟುಬಿಟ್ಟೆ. ವಯಸ್ಸಾಯ್ತು ನಂಗೆ.”

ಅವರ ಕಣ್ಣು ತುಂಬಿತ್ತು. ಹೋಗಲಿ ಬಿಡ್ರಿ ಮೇಡಂ, ಯಾರು ಓದಿದ್ದರೂ ಅದೇ ಬರುತ್ತಿತ್ತಲ್ಲ ಎಂದು ನಾನೇ ಸಮಾಧಾನ ಮಾಡಿದೆ. ಚಹಾ ಮಾಡಿ ಕೊಟ್ಟೆ. ಸಕ್ಕರೆ ಕಮ್ಮಿ, ಅವರಿಗೆ ಬೇಕಾದ ಹಾಗೆ.

ಹೆಂಡತಿ ಗಂಡನ ವಿರುದ್ಧ ಬರೆದದ್ದು ಪತ್ರಿಕೆಯಲ್ಲಿ ಬಂತು. ಬಂಧುಗಳು ಓದಬಾರದೆಂಬ ನಿಯಮ ಇರುವುದು ಬಂಧುವನ್ನು ಉಳಿಸಬಾರದೆಂದು. ನಾನು ಉಳಿಸಿರಲಿಲ್ಲ. ಹಾಗಾಗಿ ಯಾರೂ ಆಕ್ಷೇಪಣೆ ಎತ್ತಲಿಲ್ಲ. ಅಡಿವೆಪ್ಪನ ವಕೀಲರು ಫೈಲು ಮುಚ್ಚಿ, “ಮನಿಯಾಕೀನಽ ಬರದಾಳಂದ್ರ ನಾ ಏನ್ ವಾದಾ ಮಾಡ್ಲಿ?” ಎಂದರು.

*

ಅಪ್ಪ ಬಂದದ್ದು ವಿಚಾರಣೆಗೆ ಐದು ದಿನ ಇರುವಾಗ. ಅವನು ದನದ ದಲ್ಲಾಳಿ. ಟ್ರ್ಯಾಕ್ಟರುಗಳ ಕಾಲದಲ್ಲೂ ಎತ್ತು ಕೊಳ್ಳುವವರಿದ್ದಾರೆ, ಕೊಳ್ಳುವವರು ಹಲ್ಲು ಮತ್ತು ಸುಳಿ ನೋಡದೆ ಕೊಳ್ಳುವುದಿಲ್ಲ. ಸುಳಿ ಎಂದರೆ ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ನಿಂತ ಜಾಗ. ಎಲ್ಲಿದ್ದರೆ ಒಳ್ಳೆಯದು, ಎಲ್ಲಿದ್ದರೆ ಮನೆಗೆ ಕೇಡು ಎಂದು ಅಪ್ಪನಿಗೆ ಬಾಯಿಪಾಠ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ಸುಳಿ ಮೂಡುವುದೂ ರೆಕ್ಕೆಯ ರೋಮ ಬಾಗುವುದೂ ಹೆಚ್ಚುಕಡಿಮೆ ಅದೇ ಪ್ರೋಟೀನುಗಳಿಂದ. ಮೊದಲ ಸಲ ಇದನ್ನು ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕಿದ್ದ. “ಎತ್ತಿನ ಸುಳಿ ನೋಡಾಂವನ ಮಗಳು ನೊಣದ ಸುಳಿ ನೋಡಾಕ ಹ್ವಾದ್ಲು” ಎಂದು ಸಂತೆ ತುಂಬಾ ಹೇಳಿಕೊಂಡು ಬಂದಿದ್ದ.

ಈಗ ನಗುತ್ತಿರಲಿಲ್ಲ. ಅಂಗಳದಲ್ಲಿ ಅಳಿಯನ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡ.

“ಏನ್ ಅಳಿಯಂದಿರಽ, ಇದು ಯಾರ ಮಿಕ್ಸರು?”

“ಹಿಂದಿನ ಓಣಿ ಗಿರಿಜವ್ವಂದ್ರಿ ಮಾವಾರ.”

“ಆಕೀ ಮಿಕ್ಸರ್ ಯಾವಾಗ ಸುದ್ದ ಇತ್ತೋ ಮಾರಾಯಾ. ಆಕೀನಽ ಕಲ್ ಹಾಕಿ ತಿರುವ್ತಾಳ.”

ಅಡಿವೆಪ್ಪನ ತುಟಿ ಸ್ವಲ್ಪ ಅಲುಗಿತು. ಅಷ್ಟೇ. ಅಪ್ಪ ಎದ್ದು ಒಳಗೆ ಬಂದು ನನ್ನನ್ನು ನೋಡಿದ.

“ಯವ್ವಾ ನೀಲಾ, ನೀ ಖರೇನಽ ನೋಡಿದೀ?”

“ಹದಿನೆಂಟು ರೆಕ್ಕಿ ಅಪ್ಪಾ. ಎಲ್ಲಾ ಪೂರ್ವಕ್ಕ. ಒಂದೂ ತಪ್ಪಿಲ್ಲ.”

“ಒಂದೂ ತಪ್ಪಿಲ್ಲ?”

“ಒಂದೂ ಇಲ್ಲ.”

“ಅಂದ್ರ ತೀಡ್ಯಾರ.”

“ಏನು?”

“ಕೆಟ್ಟ ಸುಳಿ ಇದ್ದ ಎತ್ತ ಮಾರೂಮುಂದ ಏನ್ ಮಾಡ್ತಾರ? ಹದಿನೈದ ದಿನಾ ಹರಳೆಣ್ಣಿ ಹಚ್ಚಿ ಒಂದಽ ಕಡೆ ತೀಡ್ತಾರ. ಸುಳಿ ಮಾಯ ಆಗ್ತೈತಿ. ಕೂದ್ಲಾ ಎಲ್ಲಾ ಸಾಲಿ ಹುಡುಗೂರ ನಿಂತಂಗ ನಿಂತಿರ್ತಾವ. ನಿಜವಾದ ಮೈಯಾಗ ಅಷ್ಟ ಸಾಪ ಇರೂದಿಲ್ಲವ್ವಾ, ಒಂದೆರಡ ಅಡ್ಡಾ ಇದ್ದಽ ಇರ್ತಾವ.”

“ನೊಣಕ್ಕ ಯಾರ್ ಎಣ್ಣಿ ಹಚ್ತಾರಪ್ಪಾ?” ನನಗೆ ಸಿಟ್ಟು ಬಂದಿತ್ತು.

“ಅದು ನಿನಗ ಗೊತ್ತು. ನಾ ಏನ್ ಮಾಡ್ತೀನಂದ್ರ ನಡುವ ನೋಡೂದಿಲ್ಲ. ನೀರ ಹಚ್ಚಿ, ಅಂಚಿಗೆ ಬೆರಳ ಇಟ್ಟು ಉಲ್ಟಾ ಸವರ್ತೀನಿ. ಕೊಂಬಿನ ಬುಡಾ, ಕಿವಿ ಹಿಂದ. ಅಲ್ಲೀತನಾ ತೀಡಾಕ ಅವರ ಕೈ ಹೋಗಿರೂದಿಲ್ಲ. ಅಲ್ಲಿ ಕೂದ್ಲಾ ಜಗಳಾ ಆಡ್ತಿರ್ತಾವ.”

ಅಪ್ಪನಿಗೆ ಊಟ ಬಡಿಸಿದೆ. ಬಡಿಸುತ್ತಲೇ ಒಂದು ಸಂಗತಿ ನನ್ನ ತಲೆಯೊಳಗೆ ಬಂದು ಕೂತಿತು. ನಾವು ಅಂಚನ್ನು ಓದುವುದಿಲ್ಲ. ಕಳೆದ ವರ್ಷ ಮೇಡಂ ಸುತ್ತೋಲೆ ಕಳಿಸಿದ್ದರು: ರೆಕ್ಕೆಯ ಅಂಚು ಮಡಚಿಕೊಂಡು ನೆರಳು ಬೀಳಿಸುತ್ತದೆ, ಆದ್ದರಿಂದ ಕತ್ತರಿಸಿ ತೆಗೆದು ನಡುಭಾಗವನ್ನಷ್ಟೇ ಓದತಕ್ಕದ್ದು. ಅದಕ್ಕೂ ಮುಂಚೆ ಹನ್ನೆರಡು ವರ್ಷ ಅಂಚಿನ ನೆರಳು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

*

ಕತ್ತರಿಸಿದ ಅಂಚುಗಳನ್ನು ಸ್ಲೈಡಿನ ಸಂಖ್ಯೆ ಬರೆದ ಸಣ್ಣ ಶೀಸೆಯಲ್ಲಿ ಸ್ಪಿರಿಟು ಹಾಕಿ ಇಡುತ್ತೇವೆ. ತಿಂಗಳಾದ ಮೇಲೆ ಚೆಲ್ಲುತ್ತೇವೆ. ಇನ್ನೂರ ಹನ್ನೆರಡರ ಶೀಸೆ ಚೆಲ್ಲಲು ಇನ್ನೂ ನಾಲ್ಕು ದಿನವಿತ್ತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಶೀಸೆ ತೆಗೆದೆ. ಹದಿನೆಂಟು ಎಳೆಗಳು, ಕಣ್ಣರೆಪ್ಪೆಯ ಕೂದಲಿಗಿಂತ ತೆಳು. ಒಂದೊಂದನ್ನೇ ಸೂಜಿಯಲ್ಲಿ ಎತ್ತಿ ಅದರದರ ರೆಕ್ಕೆಯ ಪಕ್ಕಕ್ಕಿಟ್ಟು ನೋಡಿದೆ. ಕತ್ತರಿ ಹೋದ ಗುರುತು ಹರಿದ ಕಾಗದದ ಎರಡು ತುಂಡುಗಳಂತೆ ಹಲ್ಲಿಗೆ ಹಲ್ಲು ಕೂಡಬೇಕು, ಇಲ್ಲದಿದ್ದರೆ ಅದು ಬೇರೆ ರೆಕ್ಕೆಯದು. ಮೊದಲನೆಯದು ಕೂಡಲು ಒಂದು ಗಂಟೆ ಹಿಡಿಯಿತು.

ನಡುಭಾಗದಲ್ಲಿ ರೋಮಗಳೆಲ್ಲ ಪೂರ್ವಕ್ಕೆ. ಅಂಚಿನ ದಪ್ಪ ರೋಮಗಳು ಪಶ್ಚಿಮಕ್ಕೆ. ಎರಡೂ ಸೇರುವ ಕಡೆ ಒಂದು ಗೆರೆ, ಗೆರೆಯುದ್ದಕ್ಕೂ ರೋಮಗಳು ಎತ್ತ ಬಾಗಬೇಕೆಂದು ತಿಳಿಯದೆ ಸುಳಿಸುಳಿಯಾಗಿ ಎದ್ದು ನಿಂತಿದ್ದವು.

ಹನ್ನೊಂದು ಗಂಟೆಗೆ ಸಿದ್ರಾಮ ಬಂದ. ಅವನೂ ಓದುವವನು, ಬಂದ ಕೂಡಲೇ ಮಾತು.

“ಏನ್ರಿ ಅಕ್ಕಾರ, ಕಸದ ಶೀಸೆ ತಗೊಂಡ್ ಕುಂತೀರಿ. ಪ್ರಮೋಷನ್ನೋ ಡಿಮೋಷನ್ನೋ?”

ನಾನು ಜಾಗ ಬಿಟ್ಟು ನೋಡು ಎಂದೆ. ಅವನು ನೋಡಿದ. ತುಂಬಾ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಒಂದೂ ತಮಾಷೆ ಮಾಡದೆ ಬಾಗಿಲು ಹಾಕಿ ಬಂದು ಮಿಕ್ಕವನ್ನು ಜೋಡಿಸಲು ಕೂತ. ಹದಿನೆಂಟರಲ್ಲಿ ಹದಿನೈದು ಕೂಡಿದವು. ಹದಿನೈದರಲ್ಲೂ ಅಂಚು ಪಶ್ಚಿಮ. ಮೂರನೇ ಶೆಡ್ಡಿನ ಪಶ್ಚಿಮಕ್ಕೆ ವಾಲ್ವಿಲ್ಲ. ಅಲ್ಲಿರುವುದು ಹೊಗೆಯನ್ನು ನೀರಿನಲ್ಲಿ ತೊಳೆದು ಹೊರಬಿಡುವ ಗೋಪುರ. ಅದರ ರಿಪೇರಿ ಕಂಪನಿಯ ಹೊಣೆ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೆಕ್ಕೆಯ ಬುಡದಲ್ಲಿ ನೂರಿನ್ನೂರು ಕೋಶಗಳ ಒಂದು ತೇಪೆ ಇತ್ತು. ಆ ಕೋಶಗಳಿಗೆ ಮುಂಗೈಯ ಪ್ರೋಟೀನು ಇರಲಿಲ್ಲ. ಕೈ ಚಾಚಿದರೂ ಹಿಡಿಯುವವರಿಲ್ಲದೆ ಪಕ್ಕದ ಕೋಶ ತಿರುಗಿ ನಿಲ್ಲುತ್ತದೆ. ಅದು ತಿರುಗಿದ್ದನ್ನು ನೋಡಿ ಅದರ ಪಕ್ಕದ್ದು. ಮಾಮೂಲಿ ನೊಣದಲ್ಲಿ ಈ ಗೊಂದಲ ಐದಾರು ಕೋಶ ದಾಟುವಷ್ಟರಲ್ಲಿ ಅಡಗುತ್ತದೆ. ನಮ್ಮ ತಳಿಯಲ್ಲಿ ಸಣ್ಣ ಸುಳಿವೂ ದೂರಕ್ಕೆ ಹರಡಲಿ ಎಂದು ಪರಸ್ಪರ ಹಿಡಿತವನ್ನು ಹತ್ತು ಪಟ್ಟು ಬಿಗಿ ಮಾಡಿದ್ದೇವೆ, ಹಾಗಾಗಿ ಅದು ಅಡಗುವುದಿಲ್ಲ. ಸುಳ್ಳು ಬರೆದದ್ದು ಆ ತೇಪೆಯಲ್ಲ, ಯಾವ ದೋಷವೂ ಇಲ್ಲದ ಮೂವತ್ತು ಸಾವಿರ ಕೋಶಗಳು. ಅಂಚಿನ ರೋಮಗಳು ಮಾತ್ರ ನರವಿರುವ, ತಾವೇ ಅನಿಲವನ್ನು ಗ್ರಹಿಸುವ ರೋಮಗಳು. ಅವು ಪಕ್ಕದವರನ್ನು ಕೇಳುವುದಿಲ್ಲ.

ಇದು ಹದಿನೇಳನೇ ತಳಿ. ಸುತ್ತೋಲೆ ಬಂದದ್ದು ಹದಿನೇಳನೇ ತಳಿ ಶುರುವಾದ ಎರಡು ತಿಂಗಳಿಗೆ. ಸಿದ್ರಾಮ ದಿನಾಂಕ ನೋಡಿ ಹೇಳಿದ. ನಾನು ಕೇಳಿಸಿಕೊಳ್ಳದವಳಂತೆ ಸ್ಲೈಡು ಒರೆಸುತ್ತಿದ್ದೆ.

*

ಮೇಡಂ ಕೋಣೆಯಲ್ಲಿ ಒಬ್ಬರೇ ಇದ್ದರು. ಕಿಟಕಿಯ ಹತ್ತಿರ ನಿಂತು ಮೋಸಂಬಿ ಸುಲಿಯುತ್ತಿದ್ದರು. ನಾನು ಚಿತ್ರಗಳನ್ನು ಮೇಜಿನ ಮೇಲಿಟ್ಟೆ. ಆ ಕ್ಷಣದವರೆಗೂ ನಾನು ಬಯಸಿದ್ದು ಅವರು ಬೆಚ್ಚಿಬೀಳಲಿ ಎಂದು.

ಅವರು ಬೆಚ್ಚಲಿಲ್ಲ. ಚಿತ್ರವನ್ನು ಪೂರ್ತಿ ನೋಡಲೂ ಇಲ್ಲ.

“ಅಂಚು ಜೋಡಿಸಿದ್ಯಾ? ನನ್ನ ವಿದ್ಯಾರ್ಥಿಗಳಲ್ಲಿ ನಿನ್ನೊಬ್ಬಳ ಕೈಲಿ ಮಾತ್ರ ಆಗ್ತದೆ ಅದು. ಕೂತ್ಕೋ.”

“ನಿಮಗ ಗೊತ್ತಿತ್ತು.”

“ಎಂಟು ತಾಯಿ ನೊಣಗಳಲ್ಲಿ ಒಂದರ ಸಂತಾನ ಹೀಗೆ. ಗೊತ್ತಾದ ಪ್ಯೂಪಾ ತಟ್ಟೆಯನ್ನೆಲ್ಲ ನಾನೇ ತೆಗೆದು ಎಸೀತಿದ್ದೆ. ಹದಿನೆಂಟನೇ ತಳಿ ಬಂದ್ರೆ ಸರಿಹೋಗ್ತದೆ ಅಂತ ಇದ್ದೆ. ಅಷ್ಟರವರೆಗೆ ಯಾರಾದ್ರೂ ಅಂಚು ನೋಡಿ ಗಲಾಟೆ ಮಾಡಬಾರದಲ್ಲ.”

“ಮೂರನೇ ಶೆಡ್ಡಿಗೆ ಹೋದದ್ದು?”

“ತಪ್ಪಿ ಹೋಯ್ತು. ವಾಪಸ್ ತರಿಸ್ಬೇಕು ಅನ್ನೋಷ್ಟರಲ್ಲಿ ಸೋರಿತು.”

“ಅಂದ್ರ ನಾ ಓದೂಕಿಂತಾ ಮೊದಲಽ ನಿಮಗ ಗೊತ್ತಿತ್ತು, ಅದು ಉಲ್ಟಾ ಐತಿ ಅಂತ.”

ಅವರು ಒಂದು ತೊಳೆಯ ಬಿಳಿ ನಾರನ್ನು ಬಿಡಿಸುತ್ತಿದ್ದರು.

“ಹೇಳಿದ್ರೆ ಏನಾಗ್ತಿತ್ತು ಗೊತ್ತುಂಟಾ ನಿಂಗೆ? ಅರವತ್ತೆಂಟು ತೀರ್ಪು ಬಂದಿವೆ ನೊಣದಿಂದ. ಕಂಪನಿಯವರು ಹದಿಮೂರು ವರ್ಷದಿಂದ ಒಂದೇ ಒಂದು ತಪ್ಪಿಗೆ ಕಾಯ್ತಿದ್ದಾರೆ. ಅದು ಸಿಕ್ಕಿದ ದಿನ ಎಲ್ಲ ಡಬ್ಬಿ ಕೆಳಗಿಳೀತದೆ, ಅವರ ಮೀಟರು ಮತ್ತೆ ಗೋಡೆಗೆ ಬರ್ತದೆ. ಜನ ನಂಬಿದ್ದಾರೆ ನೀಲಗಂಗಾ. ನಮ್ಮ ಹತ್ರ ಇರೋದು ಅದೊಂದೇ.”

“ಅದು ತಿಳೀತು. ನನಗ್ಯಾಕ ಕೊಟ್ರಿ?”

“ಹೇಳಿದ್ನಲ್ಲ, ಪಟ್ಟಿ…”

“ಮೇಡಂ.”

ಅವರು ಹಣ್ಣನ್ನು ಕೆಳಗಿಟ್ಟರು.

“ಬೇರೆ ಯಾರು ಓದಿದ್ರೂ ಅವನ ವಕೀಲ ಎರಡನೇ ಓದು ಕೇಳ್ತಿದ್ದ. ಎರಡನೇ ಓದು ಇಲ್ಲಿ ನಡೆಯೋದಿಲ್ಲ, ಶೀಸೆ ಸಮೇತ ಹೊರಗಿನವರ ಕೈಗೆ ಹೋಗ್ತದೆ. ಹೆಂಡತಿಯೇ ಬರೆದ ಮೇಲೆ ಕೇಳೋರು ಯಾರು?”

ಹನ್ನೊಂದು ವರ್ಷ. ಸೂಜಿ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು. ನನ್ನ ಮದುವೆಗೆ ಬಂದು ಅಡಿವೆಪ್ಪನಿಗೆ, ಇವಳು ಸುಳ್ಳು ಬರೆಯಲಾರಳು, ಜೋಪಾನ ಎಂದು ನಗಿಸಿದವರು. ಅವರು ನನ್ನಲ್ಲಿ ಮೆಚ್ಚಿದ್ದನ್ನೇ ಸಲಕರಣೆಯ ಹಾಗೆ ಕಪಾಟಿನಿಂದ ತೆಗೆದು ಬಳಸಿದ್ದರು.

“ಅವರಿಗೆ ಏಳ ವರ್ಷ ಆಗೂದು.”

“ಮೇಲ್ಮನವಿಯಲ್ಲಿ ಕಮ್ಮಿ ಆಗ್ತದೆ. ನಿನ್ನನ್ನ ನಾನು ಕೈಬಿಡ್ತಿದ್ನಾ? ನಿನ್ನದು ಒಂದು ಮನೆ. ಅಲ್ಲಿ ಎರಡು ಸಾವಿರ ಮನೆ ಉಂಟು, ಯೋಚನೆ ಮಾಡು.”

ನಾನು ಚಿತ್ರಗಳನ್ನು ಒಟ್ಟುಮಾಡಿಕೊಂಡೆ. ಒಂದು ಕೆಳಗೆ ಬಿತ್ತು. ಎತ್ತಿಕೊಟ್ಟವರು ಅವರೇ.

*

ಯೋಚನೆ ಮಾಡಿದೆ. ಮೂರು ದಿನ ಬೇರೆ ಏನೂ ಮಾಡಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಅದೇ ನನ್ನನ್ನು ಕೊಲ್ಲುತ್ತಿದ್ದದ್ದು. ನಾಲ್ಕನೇ ದಿನ ನ್ಯಾಯಮಂಡಳಿಯ ಮುಂದೆ ನಿಂತು ಹದಿನೈದು ರೆಕ್ಕೆಗಳನ್ನು ಅಂಚು ಸಮೇತ ಪರದೆಯ ಮೇಲೆ ತೋರಿಸಿದೆ. ನನ್ನ ಸಹಿ ತಪ್ಪು ಎಂದೆ. ಹೇಗೆ ತಪ್ಪಾಯಿತೆಂದೂ ಯಾರಿಗೆ ಅದು ಮುಂಚೆಯೇ ಗೊತ್ತಿತ್ತೆಂದೂ ಹೇಳಿದೆ. ಮೇಡಂ ಎರಡನೇ ಸಾಲಿನಲ್ಲಿ ಕೂತಿದ್ದರು. ತಲೆ ತಗ್ಗಿಸಲಿಲ್ಲ.

ಕಂಪನಿಯ ವಕೀಲರು ಎದ್ದುನಿಂತು ನನಗೆ ಕೈಮುಗಿದರು. ಅಣಕವಾಗಿ ಅಲ್ಲ. ನಿಜವಾಗಿ ಮುಗಿದರು.

“ತಮ್ಮ ಪ್ರಾಮಾಣಿಕತೆಗೆ ನಮಸ್ಕಾರ. ಹಾಗಾದರೆ ಅಂಚಿಲ್ಲದ ರೆಕ್ಕೆಯನ್ನು ನಂಬುವಂತಿಲ್ಲ, ಹೌದೇ?”

“ಅಂಚು ನೋಡಿ ಪರೀಕ್ಷೆ ಮಾಡಬಹುದು.”

“ಈ ತಳಿಯಿಂದ ಬಂದ ಪ್ರಕರಣಗಳು ಹನ್ನೊಂದು. ಉಳಿದ ಹತ್ತರ ಅಂಚುಗಳು ಎಲ್ಲಿವೆ?”

“ಚೆಲ್ಲಿದ್ದೇವೆ.”

“ಅದಕ್ಕಿಂತ ಹಿಂದಿನ ತಳಿಗಳಲ್ಲಿ ಈ ದೋಷ ಇರಲಿಲ್ಲವೆಂದು ತಾವು ಪ್ರಮಾಣ ಮಾಡಿ ಹೇಳಬಲ್ಲಿರಾ?”

ಹೇಳಲಾರೆ ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಅಡಿವೆಪ್ಪನನ್ನು ಬಿಟ್ಟರು. ಅದೇ ಆದೇಶದ ಮುಂದಿನ ಸಾಲಿನಲ್ಲಿ, ಪೂರ್ವವನ್ನು ತೋರಿಸಿದಾಗ ನಂಬಲಾಗದ ರೆಕ್ಕೆಯನ್ನು ಪಶ್ಚಿಮವನ್ನು ತೋರಿಸಿದಾಗಲೂ ನಂಬಲಾಗದು ಎಂದಿತ್ತು. ಗೋಪುರದ ಬಗ್ಗೆ ತನಿಖೆಯಾಗಲಿಲ್ಲ. ಡಬ್ಬಿಗಳನ್ನು ಇಳಿಸಲು ಹದಿನೈದು ದಿನ ಕೊಟ್ಟರು. ಹತ್ತನೇ ದಿನಕ್ಕೇ ಹೊಸ ಮೀಟರುಗಳು ಬಂದವು, ಹಸಿರು ದೀಪದವು.

ನ್ಯಾಯಮಂಡಳಿಯ ಗೇಟಿನಲ್ಲಿ ಮೌಲಾಸಾಬನ ಹೆಂಡತಿ ಜೈತುನಬಿ ನಿಂತಿದ್ದಳು. ಬಯ್ಯುತ್ತಾಳೆಂದು ಅಂದುಕೊಂಡೆ. ಬಯ್ಯಲಿಲ್ಲ.

“ನಿನ ಗಂಡ ಮನೀಗಿ ಬಂದ, ಚಲೋ ಆತವ್ವಾ,” ಎಂದಳು. “ನನ ಗಂಡನ್ನ ಯಾರ್ ಕೊಂದ್ರು ಅಂತ ಇನ್ ಯಾರನ್ ಕೇಳ್ಲಿ ನಾ? ಅದೊಂದ್ ಹೇಳಿ ಹೋಗು.”

ಹಿಂದೆ ಅಡಿವೆಪ್ಪ ನಿಂತಿದ್ದ. ಅವಳು ಸ್ವಲ್ಪ ಹೊತ್ತು ಕಾಯ್ದು, ಸೆರಗು ಸರಿಮಾಡಿಕೊಂಡು ಬಸ್ಸಿನ ಕಡೆ ಹೋದಳು.

*

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ರೊಟ್ಟಿ ಬಡಿದೆ. ಅವನು ಉಂಡ. ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದು ಹೋಗದೆ ಕೂತ. ತಿಂಗಳ ನಂತರ ಮೊದಲ ಸಲ ಅವನು ನನ್ನ ಮುಖ ನೋಡುತ್ತಿದ್ದ.

“ನನ್ನ ಕ್ಷಮಿಸ್ರಿ,” ಎಂದೆ.

“ಯಾತಕ್ಕ?”

“ನಿಮ್ಮ ಮಾತ ನಂಬಲಿಲ್ಲ. ಈಗ ನಂಬೇನಿ.”

“ಈಗೂ ನಂಬಿಲ್ಲ ನೀಲಾ.” ದನಿ ಏರಿರಲಿಲ್ಲ. ಗಿರಿಜವ್ವನ ಮಿಕ್ಸರಿನಲ್ಲಿ ಯಾವ ತಂತಿ ಸುಟ್ಟಿದೆಯೆಂದು ಹೇಳುವವನ ಹಾಗೆ ಹೇಳಿದ. “ಮದ್ಲ ರೆಕ್ಕಿ ನಡುವ ಹೇಳ್ತು, ನಾ ಕಳ್ಳ ಆದ್ನಿ. ಈಗ ರೆಕ್ಕಿ ಅಂಚ ಹೇಳ್ತು, ನಾ ಸುದ್ದ ಆದ್ನಿ. ನಾ ಹೇಳಿದ್ದು ಎರಡೂ ಸಲಾ ಒಂದಽ.”

ತಟ್ಟೆ ಎತ್ತಲು ಹೋದೆ. ಇರಲಿ ಬಿಡು ಎಂದ.

“ಇನ್ನೊಂದ್ ಐತಿ. ಪೊಲೀಸರಿಗೆ ಹೇಳಿಲ್ಲ, ವಕೀಲಗ ಹೇಳಿಲ್ಲ. ಹೇಳಿದ್ರ ಇಂವಾ ತಾ ದೊಡ್ಡಾಂವ ಆಗಾಕ ಕಥಿ ಕಟ್ಟತಾನ ಅಂತಿದ್ರು.”

“ಹೇಳ್ರಿ.”

“ವಾಲ್ ಬಂದ್ ಮಾಡಿ ಹೊರಗ ಬಂದಿದ್ನಿ. ಮೌಲಾ ಒಳಗಽ ಇದ್ದ, ಕೆಮ್ಮೂದು ಕೇಳಾಕತ್ತಿತ್ತು. ತಿರಗಿ ಒಳಗ ಹೋದ್ನಿ. ಏನೂ ಕಾಣತಿದ್ದಿಲ್ಲ. ಅವನ ಅಂಗಿ ನನ್ನ ಕೈಗೆ ಸಿಕ್ತು. ಜಗ್ಗಿದ್ನಿ. ಬಾಗಲತನಾ ಬಂದ. ಅಲ್ಲಿ ಅಂಗಿ ಹರೀತು. ಮತ್ತ ಕೈಯಾಡಿಸಿದ್ರ ಅಂವ ಸಿಗಲಿಲ್ಲ. ನಾ ಓಡಿ ಹೊರಗ ಬಂದ್ಬಿಟ್ನಿ.”

ಹೊರಗೆ ಯಾರೋ ಸೈಕಲ್ಲಿನಲ್ಲಿ ತರಕಾರಿ ಕೂಗುತ್ತ ಹೋದರು. ಅವನು ಎರಡೂ ಕೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದ, ಅಂಗೈ ಮೇಲಾಗಿ.

“ನಂಬ್ತೀನ್ರಿ,” ಎಂದೆ. ಬೇಗನೇ ಹೇಳಿದೆನೆಂದು ನಾನು ಅಂದುಕೊಂಡಿದ್ದೆ.

ಅವನು ನಿಧಾನವಾಗಿ ಎರಡೂ ಮುಷ್ಟಿ ಮುಚ್ಚಿದ.

“ಮತ್ತ ಇಷ್ಟೊತ್ತನಕಾ ಏನ್ ಹುಡುಕಾಕತ್ತಿದ್ದಿ, ನನ್ನ ಕೈಯಾಗ?”